ನನ್ನ ಅಳತೆಯ ಮೂಗು

ಮೂಗಿನ ಬಗ್ಗೆ ಬರೆಯಲು ಕೂತಿದ್ದೇನೆ ಎಂದಾಗ ನನ್ನ ಗಂಡ ಮಹೇಶ್, "ಅದರಲ್ಲಿ ಬರೆಯೋಕೆ ಏನಿದೆ? ಕುಸೀತು, ಎತ್ತಿ ನಿಲ್ಲಿಸಿದ್ರು, ಅಷ್ಟೇ ತಾನೇ" ಎಂದರು. ಯಾವುದನ್ನೇ ಆಗಲಿ ಎರಡು ಮಾತಿನಲ್ಲಿ ಮುಗಿಸುವುದು ಅವರ ಅಭ್ಯಾಸ. ಆದರೆ ಆ ದಿನಗಳಲ್ಲಿ ನಾನು ಫೋನಿನಲ್ಲಿ ಹುಡುಕಾಡಿದಾಗ ಸಿಗುತ್ತಿದ್ದದ್ದು ಬರೀ ಜಾಹೀರಾತು. ಎಡಗಡೆ ಮೊದಲಿನ ಮೂಗು, ಬಲಗಡೆ ಆಮೇಲಿನ ಮೂಗು, ನಡುವೆ ಒಂದು ಗೆರೆ. ಆ ಗೆರೆಯ ಜಾಗದಲ್ಲಿ ಏನೇನಾಗುತ್ತದೆ, ಬಾಯಲ್ಲಿ ಉಸಿರಾಡಿಕೊಂಡು ಆಫೀಸಿನಲ್ಲಿ ಹೇಗೆ ಕೂರುವುದು, ಮನೆಯವರು ಏನೆನ್ನುತ್ತಾರೆ, ಇದನ್ನು ಯಾರೂ ಹೇಳಿರಲಿಲ್ಲ. ಈಗ ಯಾವುದೋ ಆಸ್ಪತ್ರೆಯಲ್ಲಿ ಫೈಲು ಹಿಡಿದು ಕೂತವರ ಕೈಗೆ ಇದು ಸಿಕ್ಕಿದರೆ, ಪಕ್ಕದ ಕುರ್ಚಿಯಲ್ಲಿ ನಾನೂ ಇದ್ದೇನೆ ಅಂದುಕೊಳ್ಳಲಿ.

ನನ್ನ ಊರು ತಿಪಟೂರು. ಮದುವೆಯಾಗಿ ದೆಹಲಿ ಕಡೆಗೆ ಬಂದವಳು. ಗಾಜಿಯಾಬಾದಿನಲ್ಲಿ ನಮ್ಮ ಫ್ಲ್ಯಾಟು, ನೋಯ್ಡಾದಲ್ಲಿ ಮಹೇಶರ ಆಫೀಸು. ನಾನು ಓಖ್ಲಾದ ಒಂದು ಗಾರ್ಮೆಂಟ್ಸ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಹೊರದೇಶಕ್ಕೆ ಹೋಗುವ ಬಟ್ಟೆಗಳ ಸ್ಯಾಂಪಲ್ ಹೊಲಿಸಿ, ಅದು ಮೈಮೇಲೆ ಸರಿಯಾಗಿ ಕೂರುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಒಂದೇ ಮೀಡಿಯಂ ಸೈಜು ಜಪಾನಿಗೆ ಒಂದು ಥರ, ಡೆನ್ಮಾರ್ಕಿಗೆ ಇನ್ನೊಂದು ಥರ. ಭುಜದ ಇಳಿಜಾರು ಬೇರೆ, ಬೆನ್ನಿನ ಉದ್ದ ಬೇರೆ. ಇದನ್ನೆಲ್ಲ ದಿನಾ ಅಳೆಯುವ ನನಗೆ ನನ್ನ ಮುಖದ ಅಳತೆಯೇ ಗೊತ್ತಿರಲಿಲ್ಲ ಎನ್ನುವುದು ಆಮೇಲೆ ತಿಳಿಯಿತು.

ನಮ್ಮಲ್ಲಿ ಒಳ್ಳೆಯ ಮೂಗಿಗೆ ಸಂಪಿಗೆ ಮೂಗು ಅನ್ನುತ್ತಾರೆ. ನನ್ನದು ಆ ಗಿಡದ್ದಲ್ಲ. ಮೇಲೆ ತಗ್ಗು, ಕೆಳಗೆ ಅಗಲ, ತುದಿ ಗುಂಡಗೆ. ಅಪ್ಪನ ಮೂಗನ್ನು ಹಾಗೇ ತೆಗೆದು ಹಚ್ಚಿದಂತಿದೆ ಎಂದು ಅಮ್ಮ ಹೇಳುತ್ತಿದ್ದಳು. ಚಿಕ್ಕಪ್ಪನ ಮಕ್ಕಳು ಬೋಂಡಾ ಎಂದು ಕರೆಯುತ್ತಿದ್ದರು. ನನಗೆ ಸಿಟ್ಟೂ ಬೇಗ. "ಸಿಟ್ಟು ಮೂಗಿನ ತುದೀಲಿ ಕೂರುತ್ತಂತೆ. ನಿನಗೆ ಜಾಸ್ತಿ ಇರೋದ್ರಿಂದ ದೇವರು ಜಾಗಾನೂ ಜಾಸ್ತಿ ಕೊಟ್ಟ" ಎಂದು ಅಪ್ಪ ನಗಿಸುತ್ತಿದ್ದರು. ಅವರು ತೀರಿಕೊಂಡು ಕೆಲವು ವರ್ಷಗಳಾದವು.

ಮಂಡಿ ಹೌಸ್ ಸ್ಟೇಷನ್ನಿನಲ್ಲಿ ನಾನು ದಿನಾ ಮೆಟ್ರೋ ಬದಲಿಸಬೇಕು. ದೀಪಾವಳಿಯಾದ ಮೇಲಿನ ಒಂದು ಬೆಳಿಗ್ಗೆ ಬಾಗಿಲ ಹತ್ತಿರ ನಿಂತಿದ್ದೆ. ಮುಂದಿದ್ದ ಎತ್ತರದ ಮನುಷ್ಯ ಸ್ಟೇಷನ್ ತಪ್ಪಿತೆಂದು ಗಕ್ಕನೆ ತಿರುಗಿದ. ಅವನ ಮೊಣಕೈ ನನ್ನ ಮೂಗಿಗೆ ಬಡಿಯಿತು. ಕಣ್ಣಲ್ಲಿ ನೀರು, ಮೂಗಲ್ಲಿ ರಕ್ತ. ಒಬ್ಬ ಹೆಂಗಸು ಟಿಶ್ಯೂ ಕೊಟ್ಟಳು, ಇನ್ನೊಬ್ಬಳು ಸೀಟು ಬಿಟ್ಟುಕೊಟ್ಟಳು. ರಕ್ತ ಬೇಗ ನಿಂತಿತು. ಅಂದು ಸ್ಯಾಂಪಲ್ ಕಳಿಸುವ ದಿನವಾದ್ದರಿಂದ ನಾನು ಆಫೀಸಿಗೇ ಹೋದೆ.

ಸಂಜೆ ಹೊತ್ತಿಗೆ ಎರಡೂ ಹೊಳ್ಳೆ ಕಟ್ಟಿಕೊಂಡವು. ಬೇರೆ ಊರಾಗಿದ್ದರೆ ಯಾರಾದರೂ, ಏಟು ಬಿದ್ದ ಮೇಲೆ ಕಟ್ಟಿದೆ, ಒಳಗೇನೋ ಆಗಿದೆ ಎನ್ನುತ್ತಿದ್ದರೇನೋ. ಆದರೆ ಆ ಕಾಲದಲ್ಲಿ ದೆಹಲಿಯಲ್ಲಿ ಹೊಗೆ ಕವಿದು ಊರಿಗೆ ಊರೇ ಮೂಗು ಕಟ್ಟಿಕೊಂಡಿರುತ್ತದೆ. ಲಿಫ್ಟಿನಲ್ಲಿ ಎಲ್ಲರೂ ಕೆಮ್ಮುತ್ತಾರೆ, ಆಫೀಸಿನಲ್ಲಿ ಎಲ್ಲರ ಟೇಬಲ್ಲಿನ ಮೇಲೂ ಮೂಗಿನ ಡ್ರಾಪ್ಸು. ಅಮ್ಮ ಫೋನಿನಲ್ಲಿ ಅರಿಶಿನದ ಹಬೆ ತಗೋ ಎಂದಳು. ನಮ್ಮ ಸೊಸೈಟಿಯ, ಅಂದರೆ ನಮ್ಮ ಫ್ಲ್ಯಾಟುಗಳ ಸಮುಚ್ಚಯದ, ಹತ್ತಿರದ ಡಾಕ್ಟರು ಸಾಲಿನಲ್ಲಿ ನನ್ನ ಮುಂದಿದ್ದವರಿಗೆಲ್ಲ ಬರೆದದ್ದನ್ನೇ ನನಗೂ ಬರೆದು, "ಹವಾ ಖರಾಬ್ ಹೈ, ಮಾಸ್ಕ್ ಪೆಹನಿಯೇ" ಎಂದರು, ಗಾಳಿ ಕೆಟ್ಟಿದೆ, ಮಾಸ್ಕ್ ಹಾಕಿಕೊಳ್ಳಿ ಎಂದು. ಏಟು ಬಿದ್ದದ್ದನ್ನು ಹೇಳಬೇಕೆಂದು ನನಗೂ ಹೊಳೆಯಲಿಲ್ಲ. ನಾನೂ ಅದು ಗಾಳಿಯದೇ ತಪ್ಪು ಎಂದು ನಂಬಿದ್ದೆ.

ಆಮೇಲೆ ಜ್ವರ ಬಂತು. ಮೂಗು ಮುಟ್ಟಿದರೆ ನೆತ್ತಿಯವರೆಗೆ ನೋವು. ದೊಡ್ಡ ಆಸ್ಪತ್ರೆಗೆ ಹೋದಾಗ ಕಿವಿ ಮೂಗು ಗಂಟಲಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ ಅಲ್ಲಿಂದ ಮನೆಗೆ ಕಳಿಸಲೇ ಇಲ್ಲ. ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ರಕ್ತ ನಿಂತು ಕೀವಾಗಿತ್ತು. ನರ್ಸು ನನ್ನ ಬಲಮೂಗಿನ ಮೂಗುತಿಯನ್ನು ಸೋಪಿನ ನೀರು ಹಚ್ಚಿ ಬಿಚ್ಚಿ, ಹತ್ತಿಯಲ್ಲಿ ಸುತ್ತಿ ಮಹೇಶರ ಕೈಗೆ ಕೊಟ್ಟಳು. ಕೀವು ತೆಗೆದರು, ಜ್ವರ ಇಳಿಯಿತು. ಮನೆಗೆ ಬಂದು ಎಲ್ಲ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಕೀವು ಒಳಗಿನ ಮೃದ್ವಸ್ಥಿಯನ್ನು, ಅಂದರೆ ಕಿವಿಯ ಹಾಗೆ ಬಗ್ಗುವ ಆ ಮೆತ್ತನೆ ಮೂಳೆಯನ್ನು, ತಿಂದುಹಾಕಿತ್ತು. ವಾರಗಳು ಕಳೆದಂತೆ ಮೂಗಿನ ನಡುಭಾಗ ಒಳಗೆ ಇಳಿಯತೊಡಗಿತು. ಒಂದು ದಿನ ಮುಖ ತೊಳೆಯುವಾಗ ಬೆರಳಿಗೆ ಗುಳಿ ಸಿಕ್ಕಿತು. ನಲ್ಲಿ ನಿಲ್ಲಿಸುವುದನ್ನೂ ಮರೆತು ಕನ್ನಡಿ ನೋಡುತ್ತ ನಿಂತೆ. ನನಗೆ ಭಯವಾಯಿತು. ನೋವಿಗೆ ಆದ ಭಯವಲ್ಲ, ಇನ್ನೆಷ್ಟು ಇಳಿಯುತ್ತದೆ ಎನ್ನುವ ಭಯ.

ಆಮೇಲಿನ ತಿಂಗಳುಗಳನ್ನು ಬಾಯಿ ತೆರೆದುಕೊಂಡೇ ಕಳೆದೆ. ಊಟ ಮಾಡುವಾಗ ಉಸಿರಾಡಬೇಕೋ ಅಗಿಯಬೇಕೋ ಎಂದು ಒಂದನ್ನೇ ಆರಿಸಿಕೊಳ್ಳಬೇಕಿತ್ತು. ಬೆಳಿಗ್ಗೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿರುತ್ತಿತ್ತು. ಇದರ ಮೇಲೆ ಜನರ ನೋಟ. ಸೊಸೈಟಿಯ ಆಂಟಿಯರು ನನ್ನ ಮೂಗು ನೋಡಿ, ಆಮೇಲೆ ಮಹೇಶರನ್ನು ನೋಡಿ, ಮತ್ತೆ ನನ್ನ ಮೂಗು ನೋಡುತ್ತಿದ್ದರು. ಒಬ್ಬರಂತೂ ನನ್ನನ್ನು ಪಾರ್ಕಿನ ಮೂಲೆಗೆ ಕರೆದು, "ಬೇಟಾ, ಮನೇಲಿ ಎಲ್ಲಾ ಸರಿ ಇದೆಯಾ?" ಎಂದು ಹಿಂದಿಯಲ್ಲಿ ಕೇಳಿದರು. ಒಂದು ಸೊಳ್ಳೆ ಹೊಡೆಯಲೂ ಹಿಂದೆಮುಂದೆ ನೋಡುವ ಮನುಷ್ಯ ನನ್ನ ಗಂಡ. ಆ ಮಾತು ಕೇಳಿದ ಮೇಲೆ ಅವರು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತತೊಡಗಿದರು. ನನಗೆ ನಗುವೂ ಬಂತು, ಪಾಪ ಅನ್ನಿಸಿತು ಕೂಡ.

ಒಳಗಿನ ಗಾಯ ಪೂರ್ತಿ ಮಾಗಿದ ಮೇಲೆ ಮೂಗನ್ನು ಮತ್ತೆ ಕಟ್ಟಬಹುದು ಎಂದರು. ಮೊದಲು ನೋಡಿದ ಸರ್ಜನ್ ಚೊಕ್ಕ ಮನುಷ್ಯ, ಮಾತೂ ಚೊಕ್ಕ. ನನ್ನ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿ ಮೌಸ್ ಎಳೆದರು. ಪರದೆಯ ಮೇಲೆ ನನ್ನ ಮೂಗು ಎದ್ದು ನಿಂತಿತು, ಸಣ್ಣಗಾಯಿತು, ತುದಿ ಚೂಪಾಯಿತು. "ಹೇಗೂ ಹೊಸದಾಗಿ ಕಟ್ತಾ ಇದ್ದೀವಲ್ಲ ಮೇಡಂ. ಸೌತ್ ಇಂಡಿಯನ್ ಮೂಗನ್ನ ಸ್ವಲ್ಪ ರಿಫೈನ್ ಮಾಡಿಬಿಡೋಣ. ಮೊದಲಿಗಿಂತ ಚೆನ್ನಾಗಿ ಕಾಣ್ತೀರಿ" ಎಂದರು. ಅಕ್ಕಿಯನ್ನು ಪಾಲಿಶ್ ಮಾಡಿಸುವಷ್ಟು ಸಲೀಸಾಗಿ ಹೇಳಿದರು.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಿಜ ಹೇಳುತ್ತೇನೆ, ಆ ಚಿತ್ರ ನನಗೆ ಇಷ್ಟವಾಯಿತು. ಅದನ್ನು ಫೋನಿಗೆ ಹಾಕಿಸಿಕೊಂಡು ಬಂದು ಎಷ್ಟೋ ಸಲ ತೆರೆದು ನೋಡಿದೆ. ಬೋಂಡಾ ಎಂದವರೆಲ್ಲ ಈಗ ಮೂಗಿನ ಮೇಲೆ ಬೆರಳಿಟ್ಟುಕೊಳ್ಳಲಿ ಅನ್ನಿಸಿತು. ಅಮ್ಮನಿಗೆ ಕಳಿಸಿದೆ. ಅವಳಂತೂ ಹಿಗ್ಗಿಹೋಗಿ ಫೋನ್ ಮಾಡಿದಳು.

"ಅಯ್ಯೋ, ಎಷ್ಟು ಲಕ್ಷಣವಾಗಿದೆಯೇ! ಮಾಡಿಸ್ಕೋ. ಹೇಗೂ ಕೊಯ್ತಾರೆ, ಸ್ವಲ್ಪ ಚೂಪು ಮಾಡಿ ಅಂದ್ರೆ ಅವರಿಗೇನು ಕಷ್ಟ?"

"ನೆಗಡಿ ಬಂತು ಅಂತ ಮೂಗು ಕೊಯ್ಕೊಂಡರಂತೆ, ಹಾಗಾಗುತ್ತೆ ನಿನ್ನ ಕಥೆ" ಎಂದು ಮಹೇಶ್ ಹಿಂದಿನಿಂದ ಹೇಳಿದರು. ಅವರಿಗೆ ಆ ಚಿತ್ರ ಹಿಡಿಸಿರಲಿಲ್ಲ. ಏಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅವರ ಒತ್ತಾಯಕ್ಕೇ ಇನ್ನೊಬ್ಬರನ್ನು ನೋಡಲು ಹೋದೆವು.

ಎರಡನೆಯ ಡಾಕ್ಟರು ದಕ್ಷಿಣ ದೆಹಲಿಯ ಹೆಂಗಸು, ನನ್ನಮ್ಮನಿಗಿಂತ ಸ್ವಲ್ಪ ಚಿಕ್ಕವರು. ನಾವು ಮನೆಯಲ್ಲಿ ಅವರನ್ನು ಡಾಕ್ಟರಮ್ಮ ಎಂದೇ ಕರೆದೆವು, ಇಲ್ಲೂ ಹಾಗೇ ಕರೆಯುತ್ತೇನೆ. ಅವರ ಕ್ಲಿನಿಕ್ಕಿನಲ್ಲಿ ಕಾಯುವುದೇ ಒಂದು ಕೆಲಸ. ಅಲ್ಲಿ ಪಕ್ಕದಲ್ಲಿ ಕೂತವಳು ಥೊಯ್ಬಿ. ಮಣಿಪುರದ ಹುಡುಗಿ, ನೋಯ್ಡಾದ ಒಂದು ಸಲೂನಿನಲ್ಲಿ ಕೆಲಸ. ಬಾಯಲ್ಲಿ ಉಸಿರಾಡುತ್ತ ಮಾಸ್ಕಿನೊಳಗೆ ಬೆವರುತ್ತಿದ್ದ ನನ್ನನ್ನು ನೋಡಿ, "ತೆಗೆದುಬಿಡಿ ದೀದಿ, ಇಲ್ಲಿ ಯಾರೂ ನೋಡಲ್ಲ. ಎಲ್ಲರಿಗೂ ಅವರವರ ಮೂಗಿನದೇ ಚಿಂತೆ" ಎಂದಳು. ತಿಂಗಳುಗಳ ಮೇಲೆ ಅಪರಿಚಿತರ ಎದುರು ಮಾಸ್ಕ್ ತೆಗೆದು ಕೂತೆ. ಎಂಥ ಹಗುರ ಅನ್ನಿಸಿತು!

ಅವಳು ಮೊದಲು ಬೇರೆಲ್ಲೋ ಆಪರೇಷನ್ ಮಾಡಿಸಿಕೊಂಡಿದ್ದಳು. ಮೂಗಿನ ದಂಡಿಗೆ, ಅಂದರೆ ನಡುವಿನ ಏರಿಗೆ, ಸ್ವಲ್ಪ ಎತ್ತರ ಬೇಕೆಂದು ಕೇಳಿದ್ದಕ್ಕೆ ಅವರು ಹುಬ್ಬಿನ ನಡುವಿನಿಂದಲೇ ಏರಿಸಿಬಿಟ್ಟಿದ್ದರು. ಕೆಟ್ಟ ಮೂಗೇನಲ್ಲ, ಆದರೆ ಆ ಮುಖದ್ದಲ್ಲ. ಯಾವಾಗಲೂ ಏನನ್ನೋ ಕೇಳಿ ಬೆಚ್ಚಿಬಿದ್ದವಳಂತೆ ಕಾಣುತ್ತಿದ್ದಳು.

"ನನಗೆ ಬೇಕಿದ್ದದ್ದು ಚೂರು ಎತ್ತರ. ಬೇರೆಯವರ ಮುಖ ಅಲ್ಲ" ಎಂದಳು ಥೊಯ್ಬಿ. "ವಿಡಿಯೋ ಕಾಲ್‌ನಲ್ಲಿ ನಮ್ಮಜ್ಜಿ ನನ್ನನ್ನ ನೋಡಿ, ಥೊಯ್ಬಿಗೆ ಫೋನ್ ಕೊಡು ಅಂದ್ರು. ನಾನೇ ಅಜ್ಜೀ ಅಂದೆ. ನಂಬಲಿಲ್ಲ." ಈಗ ಅದನ್ನು ಇಳಿಸಿಕೊಳ್ಳಲು ಬಂದಿದ್ದಳು. ನಾನು ನನ್ನ ಫೋನಿನಲ್ಲಿದ್ದ ಚಿತ್ರ ತೋರಿಸೋಣವೆಂದು ತೆಗೆದವಳು ಫೋನನ್ನು ಮತ್ತೆ ಬ್ಯಾಗಿಗೇ ಹಾಕಿದೆ.

ಡಾಕ್ಟರಮ್ಮ ಕಂಪ್ಯೂಟರ್ ಹಚ್ಚಲಿಲ್ಲ. ನನ್ನ ಮೂಗಿನ ತುದಿಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ನೋಡಿದರು, ಒತ್ತಿ ನೋಡಿದರು. ಹೊಳ್ಳೆಯನ್ನು ಪಕ್ಕಕ್ಕೆ ಎಳೆದು "ಈಗ ಉಸಿರು ಎಳೀರಿ" ಎಂದರು. ನಗಿಸಿ ನೋಡಿದರು. ಆಮೇಲೆ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. "ನಿಮ್ಮ ಚರ್ಮ ದಪ್ಪ. ಒಳಗೆ ಸಣ್ಣ ಚೌಕಟ್ಟು ಕಟ್ಟಿದ್ರೆ ಈ ಚರ್ಮ ಅದಕ್ಕೆ ಅಂಟಿಕೊಳ್ಳಲ್ಲ, ಮೇಲೆ ಮುದ್ದೆಯಾಗಿ ನಿಲ್ಲುತ್ತೆ. ಒಳಗೆ ಗಟ್ಟಿ ಚೌಕಟ್ಟು ಬೇಕು. ಅದಕ್ಕೆ ಪಕ್ಕೆಲುಬಿನ ತುದಿಯಿಂದ ಮೃದ್ವಸ್ಥಿ ತಗೋತೀನಿ."

ನನಗೆ ತಟ್ಟನೆ ಅರ್ಥವಾಯಿತು. ದಪ್ಪ ಬಟ್ಟೆಯಲ್ಲಿ ಸಣ್ಣ ನೆರಿಗೆ ಕೂರುವುದಿಲ್ಲ. ಅದನ್ನು ಎಷ್ಟೋ ಸಲ ನಾನೇ ಖರೀದಿದಾರರಿಗೆ ಬರೆದಿದ್ದೇನೆ. ಆದರೂ ನನ್ನ ಸ್ವಭಾವ ಬಿಡಬೇಕಲ್ಲ, ಕೇಳಿಯೇ ಬಿಟ್ಟೆ. "ಹಾಗಾದ್ರೆ ನಿಮ್ಮ ಹತ್ರ ಸೌತ್ ಇಂಡಿಯನ್ ಮೂಗು ಅಂತ ಒಂದು ಅಚ್ಚು ಬೇರೆ ಇರುತ್ತಾ?"

ಅವರು ಜೋರಾಗಿ ನಕ್ಕರು. "ಹಾಗೆ ಇಟ್ಟುಕೊಂಡರೆ ಅದೂ ತಪ್ಪೇ. ಒಂದೇ ಮನೇಲಿ ಅಕ್ಕನ ಮೂಗು ಬೇರೆ, ತಂಗಿ ಮೂಗು ಬೇರೆ. ನೀವು ಯಾವ ಕಡೆಯವರು ಅಂತ ಗೊತ್ತಾದ್ರೆ ಏನು ಹುಡುಕಬೇಕು ಅಂತ ನನಗೆ ತಿಳಿಯುತ್ತೆ. ಚರ್ಮ ಎಷ್ಟು ದಪ್ಪ, ಗಾಯದ ಕಲೆ ಹೇಗೆ ಮಾಗುತ್ತೆ, ಬಾವು ಎಷ್ಟು ದಿನ ಇರುತ್ತೆ ಅಂತ. ಆಮೇಲೆ ಬೆರಳು ಹೇಳಿದ್ದೇ ಸರಿ. ಅದಿರಲಿ, ನಿಮಗೆ ಯಾವ ಮೂಗು ಬೇಕು?"

ಫೋನಿನಲ್ಲಿದ್ದ ಚೂಪು ಮೂಗು ಕಣ್ಣ ಮುಂದೆ ಬಂತು, ಥೊಯ್ಬಿಯ ಅಜ್ಜಿಯೂ ಬಂದಳು. ಮಹೇಶ್ ಬಾಯಿ ಹಾಕಿ, "ಇವಳದ್ದೇ ಬೇಕು ಡಾಕ್ಟರ್, ಮೊದಲಿನದ್ದು" ಎಂದರು. ಹಾಗಾದರೆ ಏಟು ಬೀಳುವ ಮುಂಚಿನ ಒಳ್ಳೆಯ ಫೋಟೋ ತನ್ನಿ, ಪಕ್ಕದಿಂದ ತೆಗೆದದ್ದು ಇದ್ದರೆ ಇನ್ನೂ ಒಳ್ಳೆಯದು, ನೋಡಿಕೊಂಡು ಯೋಚಿಸೋಣ ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು.

ಫೋಟೋ ತಂದುಕೊಡುವ ಕೆಲಸವನ್ನು ಮಹೇಶ್ ತಾವೇ ವಹಿಸಿಕೊಂಡರು. ನಮ್ಮ ಹಾಲಿನ ಗೋಡೆಯ ಮೇಲೆ ಮದುವೆಯ ಒಂದು ದೊಡ್ಡ ಫೋಟೋ ಇದೆ. ಹಾರ ಹಾಕಿಕೊಂಡ ನಾನು ಪಕ್ಕಕ್ಕೆ ತಿರುಗಿ ಅವರನ್ನು ನೋಡಿ ನಗುತ್ತಿದ್ದೇನೆ, ಮುಖ ಮಾತ್ರ ಹತ್ತಿರದಿಂದ. ಮನೆಗೆ ಬಂದವರಲ್ಲಿ ಅದನ್ನು ಹೊಗಳದೆ ಹೋದವರಿಲ್ಲ. ಅದನ್ನೇ ಗೋಡೆಯಿಂದ ಇಳಿಸಿ, ಒರೆಸಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಕ್ಯಾಬಿನಲ್ಲಿ ಇಟ್ಟುಕೊಂಡು ಕ್ಲಿನಿಕ್ಕಿಗೆ ಹೋಗಿ ತೋರಿಸಿ ಬಂದರು. ಡಾಕ್ಟರಮ್ಮ ಅದರ ಫೋಟೋ ತೆಗೆದುಕೊಂಡರಂತೆ. ಆಪರೇಷನ್ನಿನ ದಿನವೂ ಗೊತ್ತಾಯಿತು. ಅಮ್ಮ ತಿಪಟೂರಿನಿಂದ ಹೊರಟು ಬಂದಳು.

ಆಪರೇಷನ್ನಿಗೆ ಕೆಲವೇ ದಿನ ಇದೆ ಎನ್ನುವಾಗ ಡಾಕ್ಟರಮ್ಮ ನಮ್ಮನ್ನು ಮತ್ತೆ ಕರೆಸಿದರು. ಮೇಜಿನ ಮೇಲೆ ಆ ಫೋಟೋದ ಪ್ರಿಂಟು.

"ನೀವು ಎರಡೂ ಕಡೆ ಮೂಗು ಚುಚ್ಚಿಸಿದ್ರಾ?"

"ಇಲ್ಲ, ಬಲಗಡೆ ಮಾತ್ರ. ನಮ್ಮ ಮನೆಯಲ್ಲಿ ಬಲಕ್ಕೇ ಚುಚ್ಚಿಸೋದು."

"ಮತ್ತೆ ಇದರಲ್ಲಿ ಎಡಗಡೆ ಇದೆಯಲ್ಲ?"

ನಾವಿಬ್ಬರೂ ಬಗ್ಗಿ ನೋಡಿದೆವು. ಮೂಗುತಿ ಎಡಗಡೆ ಹೊಳೆಯುತ್ತಿತ್ತು. ಆಲ್ಬಂ ಮಾಡಿದ ಸ್ಟುಡಿಯೋದವನು ಗಂಡ ಹೆಂಡತಿ ಎದುರುಬದುರು ಕಾಣಲೆಂದು ನನ್ನ ಫೋಟೋವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಹಾಕಿದ್ದ, ಗೋಡೆಗೂ ಅದನ್ನೇ ದೊಡ್ಡದು ಮಾಡಿ ಕೊಟ್ಟಿದ್ದ. ಇಲ್ಲಿನ ಹೆಂಗಸರು ಎಡಕ್ಕೇ ಮೂಗುತಿ ಹಾಕುವುದರಿಂದ ದೆಹಲಿಯಲ್ಲಿ ನೋಡಿದ ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ದಿನಾ ನೋಡುತ್ತಿದ್ದ ನಮಗೂ ಅನ್ನಿಸಿರಲಿಲ್ಲ.

"ತಿರುಗಿಸಿದ್ದನ್ನ ನಾನು ಮತ್ತೆ ತಿರುಗಿಸಿಕೊಳ್ಳಬಹುದು" ಎಂದರು ಡಾಕ್ಟರಮ್ಮ. "ಆದರೆ ತಿರುಗಿಸಿದವನು ಇನ್ನೂ ಏನೇನು ಮಾಡಿದಾನೆ ಅಂತ ನೋಡ್ತಾ ಹೋದೆ. ಇಲ್ಲಿ ನೋಡಿ, ತುದಿ ಸಣ್ಣ ಮಾಡಿದಾನೆ. ಹೊಳ್ಳೆಯ ಅಂಚು ಅಳಿಸಿದಾನೆ. ದಂಡಿಯ ಮೇಲೆ ಬೆಳಕಿನ ಗೆರೆ ಎಳೆದಿದಾನೆ. ನಿಮ್ಮ ಚರ್ಮ ಮುಟ್ಟಿ ನೋಡಿದೀನಿ, ಅದರ ಮೇಲೆ ಈ ಮೂಗು ಯಾವತ್ತೂ ಇದ್ದಿರೋಕೆ ಸಾಧ್ಯ ಇಲ್ಲ. ಇದು ನಿಮ್ಮ ಮೂಗಲ್ಲ."

ಮಹೇಶರ ಮುಖ ನೋಡಲಾಗಲಿಲ್ಲ. ನನಗೋ ಎಲ್ಲಿಂದಲೋ ಬೇಸರ ಉಕ್ಕಿ ಬಂತು. ನನ್ನದೇ ಮೂಗು ಬೇಕು ಎಂದು ಹಟ ಹಿಡಿದ ಒಬ್ಬನೇ ಒಬ್ಬ ಮನುಷ್ಯ ತಂದುಕೊಟ್ಟದ್ದು ಯಾವನೋ ಕಂಪ್ಯೂಟರಿನಲ್ಲಿ ತಿದ್ದಿದ ಮೂಗು. ಹಾಗೆಂದು ಅವರನ್ನು ಬೈಯಲೂ ಆಗದು. ಅದೇ ಫೋಟೋದ ಕೆಳಗೆ ಸೋಫಾದ ಮೇಲೆ ವರ್ಷಗಟ್ಟಲೆ ಕೂತ ನಾನೂ ಅದನ್ನು ನಾನೇ ಎಂದು ನಂಬಿದ್ದೆ.

ಮನೆಯಲ್ಲಿ ಹುಡುಕಿದ್ದೇ ಹುಡುಕಿದ್ದು. ಫೋನಿನ ಫೋಟೋಗಳೆಲ್ಲ ಎದುರಿನಿಂದ ತೆಗೆದವು, ಅದರಲ್ಲೂ ಅರ್ಧಕ್ಕೆ ಫೋನೇ ತಾನಾಗಿ ಮುಖ ನುಣ್ಣಗೆ ಮಾಡಿಬಿಟ್ಟಿತ್ತು. ಆಧಾರ್ ಕಾರ್ಡಿನಲ್ಲಿ ನಾನು ನನ್ನಂತೆಯೂ ಇಲ್ಲ, ಬೇರೆ ಯಾರಂತೆಯೂ ಇಲ್ಲ. ನಮ್ಮ ಗಡಿಬಿಡಿ ನೋಡಿ ಅಮ್ಮ ಏನಾಯಿತೆಂದು ಕೇಳಿದಳು. ಮಹೇಶ್ ಎಲ್ಲ ಹೇಳಿದರು. ಫೋಟೋದಲ್ಲಿ ಅಪ್ಪನ ಮೂಗು ಅಳಿಸಿಹೋಗಿದೆ ಎಂದು ನಾನು ಸುಮ್ಮನೆ ನಗೆಯ ಮಾತಿನಂತೆ ಹೇಳಿದೆ.

ಅಮ್ಮ ನಗಲಿಲ್ಲ. ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

"ಚೂಪು ಮಾಡಿಸ್ಕೋ ಅಂದಿದ್ನಲ್ಲ, ಬೇಡ ಕಣೇ" ಎಂದಳು. "ನಿಮ್ಮಣ್ಣನಿಗೆ ನನ್ನ ಮೂಗು ಬಂದಿದೆ. ಅವರದ್ದು ಅಂತ ಇರೋದು ನಿನ್ನ ಹತ್ರ ಒಂದೇ. ಅದನ್ನೂ ತೆಗೆಸಿಬಿಟ್ರೆ ನಾನು ಎಲ್ಲಿ ನೋಡ್ಲಿ?"

ಅಮ್ಮ ಅಪ್ಪನ ಬಗ್ಗೆ ಹಾಗೆ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅಳು ಬಂತು. ಕುಸಿದ ಮೂಗಿಟ್ಟುಕೊಂಡು ಅಳುವುದು ದೊಡ್ಡ ಕಷ್ಟ. ಮೂಗು ಬಾಯಿ ಎರಡೂ ಕಟ್ಟಿ ಉಸಿರೇ ಸಿಗುವುದಿಲ್ಲ. ಅತ್ತದ್ದಕ್ಕಿಂತ ಏದುಸಿರು ಬಿಟ್ಟದ್ದೇ ಹೆಚ್ಚು. ಅಮ್ಮ ಬೆನ್ನು ನೀವುತ್ತ ನೀರು ಕುಡಿಸಿದಳು. ಆ ಚೂಪು ಮೂಗಿನ ಚಿತ್ರವನ್ನು ಆಗಲೇ ಫೋನಿನಿಂದ ಅಳಿಸಿದೆ.

ಮರುದಿನ ಆಫೀಸಿನಲ್ಲಿ ಒಂದು ಕುರ್ತಾದ ಸ್ಯಾಂಪಲನ್ನು ಮಾಡೆಲ್‌ಗೆ ಹಾಕಿಸಿ ಎದುರಿಂದ, ಪಕ್ಕದಿಂದ, ಹಿಂದಿನಿಂದ ಫೋಟೋ ತೆಗೆಯುತ್ತಿದ್ದೆವು. ಬಟ್ಟೆ ಹೇಗೆ ಕೂತಿದೆ ಎಂದು ಖರೀದಿದಾರರಿಗೆ ಕಳಿಸುವ ಪದ್ಧತಿ ಅದು. ಆಗ ನೆನಪಾಯಿತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಡೆಲ್ ಬಾರದ ದಿನಗಳಲ್ಲಿ ಮೀಡಿಯಂ ಸೈಜಿನ ಬಟ್ಟೆ ಹಾಕಿ ಬಿಳಿ ಗೋಡೆಯ ಮುಂದೆ ನಿಲ್ಲುತ್ತಿದ್ದವಳು ನಾನೇ. ಆ ಫೋಟೋಗಳಲ್ಲಿ ಯಾರಿಗೂ ಮುಖ ಬೇಕಿರಲಿಲ್ಲ. ಬೇಡವಾದ್ದರಿಂದ ಯಾರೂ ಅದನ್ನು ತಿದ್ದಲೂ ಹೋಗಿರಲಿಲ್ಲ. ಹಳೆಯ ಮೇಲ್‌ಗಳನ್ನು ಕೆದಕಿದೆ. ಎಷ್ಟೋ ಫೋಟೋಗಳಲ್ಲಿ ತಲೆ ಕತ್ತರಿಸಿದ್ದರು. ಕೆಲವದರಲ್ಲಿ ಪುಣ್ಯಕ್ಕೆ ಬಿಟ್ಟಿದ್ದರು.

ಟ್ಯೂಬ್‌ಲೈಟಿನ ಬೆಳಕು, ಬಿಳಿ ಗೋಡೆ, ಪಕ್ಕಕ್ಕೆ ತಿರುಗಿ ನಿಂತ ನಾನು. ಊಟದ ಹೊತ್ತು ಮೀರಿದ್ದಿರಬೇಕು, ಮುಖ ಗಂಟು ಹಾಕಿಕೊಂಡಿದ್ದೆ. ಮೇಲೆ ತಗ್ಗು, ತುದಿ ಗುಂಡಗೆ, ಬಲಗಡೆ ಮೂಗುತಿ. ಮಹೇಶರಿಗೆ ಕಳಿಸಿದೆ. ಅವರಿಂದ ತಕ್ಷಣ ಫೋನು ಬಂತು.

"ಇವಳು ಗೊತ್ತು ನನಗೆ. ದಿನಾ ಬೈಯ್ಯೋಳು ಇವಳೇ" ಎಂದರು.

ಡಾಕ್ಟರಮ್ಮ ಆ ಫೋಟೋಗಳನ್ನು ನೋಡಿ ಬಹಳ ಖುಷಿಪಟ್ಟರು. ಮೊದಲಿನ ಸಲ ಕೇಳಿದ್ದನ್ನೇ ಮತ್ತೆ ಕೇಳಿದರು, ಯಾವ ಮೂಗು ಬೇಕು ಎಂದು. ಈ ಸಲ ಬಾಯಿ ಹಾಕಲು ಯಾರಿಗೂ ಬಿಡಲಿಲ್ಲ. "ಇದೇ" ಎಂದೆ. ಅವರು ತಲೆಯಾಡಿಸಿ ಒಂದು ಮಾತು ಹೇಳಿದರು. "ಇದನ್ನೇ ಮಾಡಿಕೊಡ್ತೀನಿ ಅಂತ ನಾನು ಮಾತು ಕೊಡಲ್ಲ. ಹೋದದ್ದು ಹೋಯ್ತು. ಇದಕ್ಕೆ ಹತ್ತಿರ ಬರೋದನ್ನ ಕಟ್ತೀನಿ. ಬೇರೆ ಯಾರದ್ದೋ ಮೂಗು ಮಾತ್ರ ಕಟ್ಟಲ್ಲ." ಸುಳ್ಳು ಧೈರ್ಯ ಹೇಳದ ಆ ಮಾತೇ ನನಗೆ ಧೈರ್ಯ ಕೊಟ್ಟಿತು.

ಆಪರೇಷನ್ ಬಗ್ಗೆ ನನಗೆ ನೆನಪಿರುವುದು ಥಿಯೇಟರಿನ ಚಳಿ ಮತ್ತು ಅರಿವಳಿಕೆ ಕೊಡುವವರು ನನ್ನ ಊರು ಕೇಳಿದ್ದು. ತಿಪಟೂರು ಎಂದರೆ ಅವರಿಗೆ ಎಲ್ಲಿ ಗೊತ್ತಾಗಬೇಕು ಎಂದು ವಿವರಿಸಲು ಹೊರಟೆ, ಅಷ್ಟರಲ್ಲಿ ನಿದ್ದೆ ಬಂತು. ಎಚ್ಚರವಾದಾಗ ಮೂಗಿಗಿಂತ ಪಕ್ಕೆ ನೋಯುತ್ತಿತ್ತು. ಇದನ್ನು ಯಾರೂ ಮೊದಲೇ ಒತ್ತಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ಪಕ್ಕೆಲುಬಿನಿಂದ ತೆಗೆದರೆ ನಕ್ಕರೂ ನೋವು, ಕೆಮ್ಮಿದರೂ ನೋವು. ಒಂದು ದಿಂಬು ತಬ್ಬಿಕೊಂಡು ಕೆಮ್ಮಬೇಕು. ನಗಿಸುವವರನ್ನು ಸ್ವಲ್ಪ ದಿನ ದೂರ ಇಡಬೇಕು. ಅಮ್ಮ ರಾಗಿ ಅಂಬಲಿ ಮಾಡಿ ಚಮಚದಲ್ಲಿ ಕುಡಿಸಿದಳು. ಮೂಗಿನ ಮೇಲೆ ಗಟ್ಟಿ ಪಟ್ಟಿ, ಒಳಗೆ ಆಧಾರಕ್ಕೆ ಇಟ್ಟ ತಡಿಕೆ, ಕಣ್ಣ ಸುತ್ತ ನೇರಳೆ ಬಣ್ಣ. ಸೊಸೈಟಿಯ ಆಂಟಿಯರು ನೋಡದಿರಲೆಂದು ಮಹೇಶ್ ನನ್ನನ್ನು ಶಾಲು ಹೊದಿಸಿ ಒಳಗೆ ಕರೆತಂದರು.

ಪಟ್ಟಿ ಬಿಚ್ಚಿದ ದಿನ ಕನ್ನಡಿ ಕೊಟ್ಟರು. ಮೂಗು ಆಲೂಗಡ್ಡೆಯಷ್ಟು ದೊಡ್ಡದಾಗಿತ್ತು. ಬೋಂಡಾ ಅಂದವರು ಎಷ್ಟು ಒಳ್ಳೆಯವರಾಗಿದ್ದರು ಅನ್ನಿಸಿತು. ದಪ್ಪ ಚರ್ಮದವರಿಗೆ ಬಾವು ಇಳಿಯಲು ಒಂದು ವರ್ಷ ಬೇಕಾಗಬಹುದು, ಇನ್ನೂ ಹೆಚ್ಚೂ ಆಗಬಹುದು, ಅಲ್ಲಿವರೆಗೆ ಕನ್ನಡಿಯ ಜೊತೆ ಜಗಳ ಬೇಡ ಎಂದು ಡಾಕ್ಟರಮ್ಮ ಹೇಳಿದರು. ಆಮೇಲೆ ಒಳಗಿನ ತಡಿಕೆಯನ್ನು ಎಳೆದು, "ಬಾಯಿ ಮುಚ್ಚಿ. ಈಗ ಉಸಿರು" ಎಂದರು.

ಬಾಯಿ ಮುಚ್ಚಿದೆ. ಹೆದರುತ್ತಲೇ ಎಳೆದೆ. ಗಾಳಿ ಒಳಗೆ ಹೋಯಿತು. ಎರಡೂ ಕಡೆಯಿಂದ, ತಣ್ಣಗೆ, ಗಂಟಲವರೆಗೆ. ಸ್ಪಿರಿಟ್ಟಿನ ವಾಸನೆ ಬಂತು, ಅಮ್ಮನ ತಲೆಯ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಹೊರಗೆ ಬಂದು ಆಟೋದಲ್ಲಿ ಕೂತರೆ ಡೀಸೆಲ್ಲು, ಧೂಳು, ಯಾವುದೋ ಗಾಡಿಯಲ್ಲಿ ಬೇಯುತ್ತಿದ್ದ ಮೋಮೋ. ದೆಹಲಿಯ ಗಾಳಿಯನ್ನು ಅಷ್ಟು ಆಸೆಯಿಂದ ಯಾರೂ ಎಳೆದುಕೊಂಡಿರಲಿಕ್ಕಿಲ್ಲ. ಮೂಗು ಹೇಗೆ ಕಂಡರೆ ಏನಂತೆ ಎಂದು ಆ ಕ್ಷಣಕ್ಕೆ ನಿಜವಾಗಿಯೂ ಅನ್ನಿಸಿತು.

ಹಾಗೆಂದು ಕನ್ನಡಿಯ ಜಗಳ ನಿಲ್ಲಲಿಲ್ಲ. ಬೆಳಿಗ್ಗೆ ದಪ್ಪ, ಸಂಜೆ ಸ್ವಲ್ಪ ಕಡಿಮೆ, ಅಳತೆ ಹಿಡಿಯುವ ಚಾಳಿಯವಳಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಅಮ್ಮ ಊರಿಗೆ ಹೋದ ಮೇಲೆ ವಿಡಿಯೋದಲ್ಲಿ "ಪಕ್ಕಕ್ಕೆ ತಿರುಗು" ಎಂದು ದಿನಾ ಕೇಳುತ್ತಿದ್ದಳು. ತಿರುಗಿದರೆ "ಇನ್ನೂ ಬಾವಿದೆ ಬಿಡು" ಎಂದು ಮಾತು ಬದಲಿಸುತ್ತಿದ್ದಳು. ಅಪ್ಪನ ಮೂಗು ಬಂತೋ ಇಲ್ಲವೋ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಹೇಳಲು ಅವಳಿಗೂ ಇರಲಿಲ್ಲ. ಹೀಗೇ ಒಂದು ಬೇಸಿಗೆ, ಒಂದು ಮಳೆಗಾಲ, ಮತ್ತೊಂದು ಹೊಗೆಯ ಕಾಲ ಕಳೆದವು.

ಕೊನೆಯ ಸಲ ತೋರಿಸಲು ಹೋದಾಗ ಕ್ಲಿನಿಕ್ಕು ತುಂಬಿತ್ತು. ನನ್ನ ಪಕ್ಕ ಒಬ್ಬ ಪಂಜಾಬಿ ಹೆಂಗಸು ಮದುವೆ ಗೊತ್ತಾದ ಮಗಳನ್ನು ಕರೆದುಕೊಂಡು ಬಂದಿದ್ದರು. ಮಗಳು ಫೋನಿನಲ್ಲಿ ಮುಳುಗಿದ್ದಳು. ತಾಯಿಗೆ ಮಾತು ಬೇಕಿತ್ತು. ನನ್ನನ್ನು ಚೆನ್ನಾಗಿ ನೋಡಿ, "ನಿಮ್ಮ ಆಪರೇಷನ್ ಯಾವಾಗ ಬೇಟಾ?" ಎಂದು ಹಿಂದಿಯಲ್ಲಿ ಕೇಳಿದರು.

"ಹೋ ಗಯಾ, ಆಂಟಿ" ಎಂದೆ. ಆಗಿಹೋಗಿದೆ.

ಅವರು ಎದುರಿನಿಂದ ನೋಡಿದರು. ಸ್ವಲ್ಪ ಬಾಗಿ ಪಕ್ಕದಿಂದ ನೋಡಿದರು. ಆಮೇಲೆ ಧ್ವನಿ ತಗ್ಗಿಸಿ, ನನ್ನ ಕೈ ತಟ್ಟುತ್ತ, "ಪರವಾಗಿಲ್ಲ ಬಿಡಿ. ಈ ಡಾಕ್ಟರ್ ಬಹಳ ಒಳ್ಳೆಯವರು. ಈ ಸಲ ಸರಿ ಮಾಡಿಕೊಡ್ತಾರೆ" ಎಂದರು.

ನಾನು ಎದ್ದು ಕಾರಿಡಾರಿಗೆ ಹೋಗಿ ಬಾಯಿ ಮುಚ್ಚಿಕೊಂಡು ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆದರೆ ಉಸಿರು ಕಟ್ಟಲಿಲ್ಲ. ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿ ಆ ಹೆಂಗಸು ಅಂದದ್ದನ್ನು ಅಂದಂತೆಯೇ ಹೇಳಿದೆ.

"ಆಪರೇಷನ್ನೇ ಆಗಿಲ್ಲ ಅಂದ್ಕೊಂಡ್ರಾ?"

"ಹೂಂ. ಆಗಿದೆ ಅಂದ್ರೂ ಸರಿಯಾಗಿಲ್ಲ ಅಂತ ಪಾಪ ಅಂದ್ಕೊಂಡ್ರು."

ಅಮ್ಮ ದೊಡ್ಡದೊಂದು ಉಸಿರು ಬಿಟ್ಟು, "ಸದ್ಯ" ಎಂದಳು.